ಗಾಜಿನ ಬಲತುದಿ

ಮೂತ್ರಪಿಂಡವನ್ನು ನನಗಿಂತ ತೆಳ್ಳಗೆ ಕತ್ತರಿಸುವವರು ಈ ಕುಮಾಸಿ ಊರಿನಲ್ಲಿ ಇಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ, ನನಗೇನೂ ಬೇಸರವಿಲ್ಲ. ಇಪ್ಪತ್ತೆರಡು ವರ್ಷ ಕೊರೆಯುವ ಚಳಿಯ ಪೆಟ್ಟಿಗೆಯೊಳಗೆ ಕೈಯಿಟ್ಟುಕೊಂಡು ಕೂತಿದ್ದೇನೆ. ಡಾಕ್ಟರು ರೋಗಿಯ ಬೆನ್ನಿಗೆ ಸೂಜಿ ಚುಚ್ಚಿ ತೆಗೆಯುವುದು ಉಗುರಿನ ಉದ್ದದ ಒಂದೇ ಒಂದು ಎಳೆ ಮಾಂಸ. ಅದನ್ನು ಹೆಪ್ಪುಗಟ್ಟಿಸಿ ಬ್ಲೇಡಿಗೆ ಕೊಟ್ಟು, ಕೂದಲನ್ನು ಆರು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟೇ ದಪ್ಪದ ಹಾಳೆಗಳಾಗಿ ಬಿಡಿಸಿ ಗಾಜಿಗೆ ಹತ್ತಿಸುವುದು ನನ್ನ ಕೆಲಸ. ಹಾಳೆ ಸುರುಳಿ ಸುತ್ತಬಾರದು, ಹರಿಯಬಾರದು, ಮಡಚಿಕೊಳ್ಳಬಾರದು. ನನ್ನ ಕೈಯಲ್ಲಿ ಯಾವತ್ತೂ ಹರಿದಿಲ್ಲ ಎಂದರೆ ಸುಳ್ಳಾದೀತು. ಆದರೆ ಹರಿದದ್ದು ಎಷ್ಟು ಸಲ ಎಂದು ಬೆರಳೆಣಿಸಿ ಹೇಳಬಲ್ಲೆ.

ಹತ್ತಿಸುವಾಗ ನನ್ನದೊಂದು ರೀತಿ ಇತ್ತು. ಬಲಗೈಯ ಗ್ಲೌಸ್ ತೆಗೆದು, ಗಾಜಿನ ಬಲತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಹೆಬ್ಬೆರಳನ್ನು ಗಾಜಿನ ಬೆನ್ನಿಗೆ ಒತ್ತುವುದು. ಬೆರಳಿನ ಬಿಸಿಗೆ ಹಾಳೆ ಮೆತ್ತಗಾಗಿ ಗಾಜಿಗೆ ಕಚ್ಚಿಕೊಳ್ಳುತ್ತದೆ. ಗ್ಲೌಸ್ ಇದ್ದರೆ ಆ ಬಿಸಿ ಮುಟ್ಟುವುದಿಲ್ಲ. ನನಗೆ ಕಲಿಸಿದವರು ಹೀಗೇ ಮಾಡುತ್ತಿದ್ದರು, ನಾನು ಕಲಿಸಿದವರೂ ಹೀಗೇ ಮಾಡುತ್ತಾರೆ. ಇನ್ನೊಂದು ನಿಯಮವೂ ಇತ್ತು. ಎಳೆಯ ಯಾವ ತುದಿ ಮೂತ್ರಪಿಂಡದ ಹೊರಪದರದ್ದೋ, ಅಂದರೆ ರಕ್ತ ಸೋಸುವ ಜಾಗದ್ದೋ, ಅದು ಯಾವಾಗಲೂ ಬಲಕ್ಕೆ. ಆಗ ನೋಡುವವರಿಗೆ ಗೊಂದಲವಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಆಸ್ಪತ್ರೆಗೆ ಹೊಸ ಯಂತ್ರ ಬಂತು. ಅಲ್ಲಿಯವರೆಗೆ ಮಾಂಸದಲ್ಲಿ ಯಾವ ಯಾವ ಪದಾರ್ಥ ಇದೆ ಎಂದು ತಿಳಿಯಬೇಕಾದರೆ ಅದನ್ನು ನುಣ್ಣಗೆ ಅರೆದು ಹಿಂಡಿ ನೋಡುತ್ತಿದ್ದರು. ಏನಿದೆ ಎಂದು ಗೊತ್ತಾಗುತ್ತಿತ್ತು, ಎಲ್ಲಿತ್ತು ಎನ್ನುವುದು ಅರೆಯುವಾಗಲೇ ಹೋಗಿರುತ್ತಿತ್ತು. ಈ ಯಂತ್ರ ಅರೆಯುವುದಿಲ್ಲ. ಗಾಜಿನ ಮೇಲಿನ ಹಾಳೆಗೆ ಒಂದು ಪುಡಿಯ ದ್ರಾವಣವನ್ನು ಮಂಜಿನ ಹಾಗೆ ಸಿಂಪಡಿಸಿ ಒಳಗಿಟ್ಟರೆ, ಲೇಸರ್ ಚುಕ್ಕಿ ಚುಕ್ಕಿಯಾಗಿ ಚುಚ್ಚುತ್ತಾ ಹೋಗುತ್ತದೆ. ಪ್ರತಿ ಚುಕ್ಕಿಯಿಂದ ಎದ್ದ ಅಣುಗಳನ್ನು ತೂಗಿ, ಯಾವ ಅಣು ಯಾವ ಚುಕ್ಕಿಯಲ್ಲಿ ಎಷ್ಟು ಎಂದು ಬಣ್ಣದ ಚಿತ್ರ ಬರೆಯುತ್ತದೆ. ಸಕ್ಕರೆಗೊಂದು ಚಿತ್ರ, ಕೊಬ್ಬಿಗೊಂದು ಚಿತ್ರ, ಯೂರಿಯಾಕ್ಕೊಂದು ಚಿತ್ರ. ಮೊದಲ ಸಲ ನೋಡಿದಾಗ ನಾನು ಅರ್ಧ ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ. ಇಷ್ಟು ವರ್ಷ ಕತ್ತರಿಸಿದ್ದರ ಒಳಗೆ ಇಷ್ಟೆಲ್ಲ ಊರುಕೇರಿ ಇತ್ತೇ ಎಂದು ಬೆರಗಾದೆ.

ಡಾಕ್ಟರ್ ಅಡೊಮಾಕೊ ನಮ್ಮ ಮೂತ್ರಪಿಂಡ ವಿಭಾಗದ ಮುಖ್ಯಸ್ಥರು. ಒಳ್ಳೆಯ ವೈದ್ಯ, ಆದರೆ ತಾಳ್ಮೆ ಕಡಿಮೆ. ಮೂವತ್ತು ದಾಟದ ಹುಡುಗ ಹುಡುಗಿಯರೆಲ್ಲ ಯಾಕೆ ಹೀಗೆ ಕಿಡ್ನಿ ಬತ್ತಿಸಿಕೊಂಡು ಡಯಾಲಿಸಿಸ್ ಕುರ್ಚಿಗೆ ಬರುತ್ತಿದ್ದಾರೆ ಎನ್ನುವುದು ಅವರ ಪ್ರಶ್ನೆ. ನಾಟಿ ಕಷಾಯದ ಮೇಲೆ ಅವರ ಅನುಮಾನ. ಗಿಡಮೂಲಿಕೆಯ ಕಷಾಯ ಎಂದೂ ಕುಡಿಯದ ಒಂಬತ್ತು ರೋಗಿಗಳ ಎಳೆಗಳನ್ನು ಮಳೆಗಾಲದಲ್ಲಿ ನನ್ನಿಂದ ಹಾಳೆ ಮಾಡಿಸಿಕೊಂಡರು. ಆಮೇಲೆ ಕಷಾಯ ಕುಡಿದ ಹನ್ನೊಂದು ಜನರದ್ದು ಸಿಕ್ಕಿತು. ಅವನ್ನು ಕತ್ತರಿಸುವ ಹೊತ್ತಿಗೆ ಡಿಸೆಂಬರ್ ಕಳೆದು, ಮರಳುಗಾಡಿನ ಕಡೆಯಿಂದ ಹರ್ಮತಾನ್ ಎಂಬ ಒಣ ಗಾಳಿ ಬೀಸುತ್ತಿತ್ತು. ಊರೆಲ್ಲ ಬೂದಿ ಬಣ್ಣ, ಎಲ್ಲರ ತುಟಿಯೂ ಬಿರುಕು.

ಚಿತ್ರ ಬಂತು. ಒಂಬತ್ತು ಜನರಲ್ಲಿ ಇಲ್ಲದ ಒಂದು ಬಗೆಯ ಕೊಬ್ಬು ಹನ್ನೊಂದೂ ಜನರಲ್ಲಿತ್ತು. ಅದೂ ಎಲ್ಲೆಂದರಲ್ಲಿ ಅಲ್ಲ, ಬಲತುದಿಯಲ್ಲೇ, ರಕ್ತ ಸೋಸುವ ಹೊರಪದರದಲ್ಲೇ, ಕಣ್ಣು ಕೋರೈಸುವ ಹಳದಿಯಾಗಿ. ಡಾಕ್ಟರು ಮೇಜು ಕುಟ್ಟಿದರು. ಹನ್ನೊಂದರಲ್ಲಿ ಏಳು ಜನ ಕುಡಿದದ್ದು ಒಬ್ಬರೇ ಮಾಡಿದ ಕಷಾಯ. ಅವರ ಹೆಸರು ದುಫಿಯೆ, ಕೆಜೇಟಿಯಾ ಸಂತೆಯಲ್ಲಿ ನಲವತ್ತು ವರ್ಷದಿಂದ ಬೇರು ತೊಗಟೆ ಮಾರುವವರು. ಆ ಏಳರಲ್ಲಿ ಒಬ್ಬಳು ಬಿರಾಗೊ, ಇಪ್ಪತ್ತೆಂಟರ ದರ್ಜಿ ಹುಡುಗಿ. ದುಫಿಯೆಯವರ ಒಬ್ಬಳೇ ಮಗಳು.

ಡಾಕ್ಟರು ತಾಯಿಯನ್ನು ಜನವರಿ ಕೊನೆಯಲ್ಲಿ ಕರೆಸಿದರು. ಈ ಕಷಾಯ ಮಾರುವುದನ್ನು ನಿಲ್ಲಿಸಿ ಎಂದು ಔಷಧ ನಿಯಂತ್ರಣದವರಿಗೆ ಬರೆದ ಪತ್ರ ಮೇಜಿನ ಮೇಲೇ ಇತ್ತು. ಮುಂದಿನ ಗುರುವಾರ ರಾಜಧಾನಿ ಅಕ್ರಾದಲ್ಲಿ ವೈದ್ಯರ ಸಭೆಗೆ ಚಿತ್ರಗಳನ್ನು ತೋರಿಸುವುದೂ ನಿಶ್ಚಯವಾಗಿತ್ತು. ಗಾಜುಗಳ ಲೆಕ್ಕ ಹೇಳಲು ನಾನು, ಚಿತ್ರ ತೋರಿಸಲು ಎಲಿಕೆಮ್, ಇಬ್ಬರೂ ಅಲ್ಲಿದ್ದೆವು. ಎಲಿಕೆಮ್ ಯಂತ್ರದ ವಿಜ್ಞಾನಿ. ವೋಲ್ಟಾ ಕಡೆಯವಳು, ಚುರುಕಿನ ಹೆಂಗಸು, ನನ್ನನ್ನು ಆಂಟಿ ಎಂದು ಕರೆದು ನನ್ನ ಊಟದ ಡಬ್ಬಿಯಿಂದ ಮೀನು ಕದಿಯುವವಳು.

ದುಫಿಯೆ ದಪ್ಪ ಮೈಯ, ನಿಧಾನದ ಹೆಂಗಸು. ಚಿತ್ರವನ್ನು ಬಹಳ ಹೊತ್ತು ನೋಡಿದರು. ಡಾಕ್ಟರು ಬಿಡಿಸಿ ಹೇಳಿದರು. ಈ ಹಳದಿ ಒಂದು ಜಿಡ್ಡು, ನಿಮ್ಮ ಕಷಾಯದಲ್ಲಿರುವ ಯಾವುದೋ ಎಣ್ಣೆಬೀಜದ್ದಿರಬೇಕು, ಮಗಳ ಕಿಡ್ನಿಯಲ್ಲಿ ಕೂತಿದೆ, ಯಾವ ಬೀಜ ಹಾಕುತ್ತೀರಿ ಎಂದು ಕೇಳಿದರು.

"ಬೀಜ ಹಾಕಲ್ಲ. ತೊಗಟೆ, ಬೇರು, ನೀರು. ಮೂರು ಕುದಿ."

"ಎಣ್ಣೆ ಅಂಶ ಇರೋದಂತೂ ಕಾಣ್ತಾ ಇದೆಯಲ್ಲಮ್ಮ."

"ಡಾಕ್ಟ್ರೇ, ನೀವು ಓದಿದೋರು. ಆದ್ರೆ ಮಡಕೆ ಮುಂದೆ ಕೂತಿರೋಳು ನಾನು. ಜಿಡ್ಡಿದ್ರೆ ಈ ಹರ್ಮತಾನ್ ಚಳೀಲಿ ಬೆಳಿಗ್ಗೆ ಎದ್ದು ಮುಚ್ಚಳ ತೆಗೆದ್ರೆ ಮೇಲೆ ಕೆನೆ ಹಾಗೆ ಗಟ್ಟಿಯಾಗಿರ್ತದೆ. ನನ್ನ ಮಡಕೇಲಿ ಯಾವತ್ತೂ ಕಟ್ಟಿಲ್ಲ."

ಆಕೆ ಎದ್ದು ನಿಂತರು. ಬಾಗಿಲವರೆಗೆ ಹೋದವರು ತಿರುಗಿ, ಧ್ವನಿಯನ್ನು ತುಂಬಾ ತಗ್ಗಿಸಿ ಕೇಳಿದರು.

"ಒಂದೇ ಮಾತು ಹೇಳಿ. ನನ್ನ ಮಗಳಿಗೆ ನಾನೇ ಮಾಡಿದ್ನಾ ಇದನ್ನ? ನನ್ನ ಕೈಯಿಂದಾನೇ ಆಯ್ತಾ?"

"ಚಿತ್ರ ಹಾಗೇ ಹೇಳುತ್ತೆ ಅಮ್ಮ" ಎಂದರು ಡಾಕ್ಟರು. ಅವರ ಮುಖವೂ ಸಪ್ಪಗಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆಕೆ ಹೋದ ಮೇಲೆ ನಾನು ನನ್ನ ಕೋಣೆಗೆ ಬಂದೆ. ಒಂದು ಮಾತು ಕಿವಿಯಿಂದ ಹೋಗಲೇ ಇಲ್ಲ. ಹರ್ಮತಾನ್ ಚಳಿಯಲ್ಲಿ ಬೆಳಿಗ್ಗೆ ಗಟ್ಟಿಯಾಗುವ ಜಿಡ್ಡು. ಅಂಥ ಜಿಡ್ಡನ್ನು ನಾನು ಅವತ್ತು ಬೆಳಿಗ್ಗೆ ತಾನೇ ಚಮಚದಿಂದ ಕೆರೆದು ತೆಗೆದಿದ್ದೆ. ನಾನು ಉತ್ತರದ ತಮಾಲೆ ಕಡೆಯವಳು. ನಮ್ಮಮ್ಮ ಇವತ್ತಿಗೂ ಶಿಯಾ ಮರದ ಕಾಯಿಯ ಬೀಜ ಹುರಿದು, ಅರೆದು, ಕಡೆದು ಶಿಯಾ ಬೆಣ್ಣೆ ತೆಗೆದು ಡಬ್ಬಿ ತುಂಬಿ ಕಳಿಸುತ್ತಾಳೆ. ಹರ್ಮತಾನ್ ಶುರುವಾದರೆ ನಾನು ದಿನಕ್ಕೆ ಮೂರು ಸಲ ಕೈಗೆ ಹಚ್ಚುತ್ತೇನೆ. ಹಚ್ಚದಿದ್ದರೆ ಬೆರಳ ಗೆಣ್ಣುಗಳಲ್ಲಿ ರಕ್ತ ಬರುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳವನ್ನೂ ತೆಗೆಯುವುದಿಲ್ಲ.

ಸೀದಾ ಎಲಿಕೆಮ್ ಹತ್ತಿರ ಹೋಗಿ ಬಿರಾಗೊಳ ಗಾಜಿನ ಚಿತ್ರವನ್ನು ಪೂರ್ತಿ ತೋರಿಸು ಎಂದೆ. ಪೂರ್ತಿಯೇ ಇದೆಯಲ್ಲ ಎಂದಳು. ಅದಲ್ಲ, ಮಾಂಸದ ಸುತ್ತಲಿನ ಖಾಲಿ ಗಾಜೂ ಸೇರಿದ ಹಾಗೆ ಎಂದೆ. ಯಂತ್ರ ಸುತ್ತಲ ಗಾಜನ್ನು ಸ್ವಲ್ಪ ಓದಿರುತ್ತದೆ, ಆದರೆ ಚಿತ್ರ ಮಾಡುವಾಗ ಎಲ್ಲರೂ ಮಾಂಸದ ಅಂಚಿಗೆ ಸರಿಯಾಗಿ ಕತ್ತರಿಸಿ ಉಳಿದದ್ದನ್ನು ಎಸೆಯುತ್ತಾರೆ. ನೋಡಲು ಚೆಂದ ಕಾಣಲಿ ಎಂದು.

"ಖಾಲಿ ಗಾಜನ್ನ ಯಾರು ನೋಡ್ತಾರೆ ಆಂಟಿ?"

"ನಾನು ನೋಡ್ತೀನಿ. ತೆಗಿ."

ತೆಗೆದಳು. ಹಳದಿ ಮಾಂಸದ ಅಂಚಿಗೆ ನಿಂತಿರಲಿಲ್ಲ. ಅಂಚು ದಾಟಿ ಬಲಕ್ಕೆ ಹರಡಿ, ಖಾಲಿ ಗಾಜಿನ ಮೇಲೆ ಇನ್ನೂ ಜೋರಾಗಿ ಹೊಳೆಯುತ್ತಿತ್ತು. ಅಲ್ಲಿ ಅದಕ್ಕೊಂದು ಆಕಾರವಿತ್ತು. ಗೆರೆ ಗೆರೆಯಾದ ಅರ್ಧ ಬೆರಳು, ನಡುವೆ ಓರೆಯಾಗಿ ಒಂದು ಖಾಲಿ ಸೀಳು. ನಾನು ನನ್ನ ತೋರುಬೆರಳನ್ನು ಪರದೆಯ ಪಕ್ಕದಲ್ಲಿ ಹಿಡಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಬ್ಲೇಡಿಗೆ ಕೊಟ್ಟುಕೊಂಡ ಗಾಯದ ಗುರುತು ಅದೇ ಓರೆಯಲ್ಲಿದೆ. ಎಲಿಕೆಮ್ ಒಮ್ಮೆ ಪರದೆ ನೋಡಿದಳು, ಒಮ್ಮೆ ಬೆರಳು ನೋಡಿದಳು.

ನಾಚಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ನೆಲ ಬಿರಿದು ನುಂಗಿದರೆ ಸಾಕು ಅನ್ನಿಸಿತು. ಹಳೆಯ ಕೆಲಸದಲ್ಲಿ ಗಾಜನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬಣ್ಣ ಹಾಕುತ್ತಿದ್ದೆವು. ಬೆರಳ ಜಿಡ್ಡು ಇದ್ದರೂ ತೊಳೆದು ಹೋಗುತ್ತಿತ್ತು. ಈ ಹೊಸ ಕೆಲಸದಲ್ಲಿ ಏನನ್ನೂ ತೊಳೆಯುವ ಹಾಗಿಲ್ಲ, ತೊಳೆದರೆ ನೋಡಬೇಕಾದ್ದೇ ಹೋಗುತ್ತದೆ. ನನ್ನ ಬೆರಳ ಬೆಣ್ಣೆ ಗಾಜಿನ ಬಲತುದಿಯಲ್ಲಿ ಉಳಿದಿತ್ತು. ಮೇಲೆ ಸಿಂಪಡಿಸಿದ ದ್ರಾವಣದ ಒದ್ದೆಯಲ್ಲಿ ಮೆಲ್ಲಗೆ ಹರಿದು ಪಕ್ಕದ ಮಾಂಸದ ತುದಿಗೆ ಏರಿತ್ತು. ಪಕ್ಕದಲ್ಲಿದ್ದ ತುದಿ ಯಾವುದು? ನಾನೇ ನಿಯಮ ಮಾಡಿ ಬಲಕ್ಕಿಟ್ಟ ಹೊರಪದರ. ಸೋಸುವ ಜಾಗಕ್ಕೇ ವಿಷ ತಗುಲಿದೆ ಎಂದು ಡಾಕ್ಟರು ನಂಬಿದ್ದು ಹೀಗೆ.

ಆದರೆ ನಾಚಿಕೆ ಒಂದು ಕಡೆ, ಖುಷಿಯೂ ಒಂದು ಕಡೆ ಇತ್ತು. ಇದೇ ಹಾಳೆಗಳನ್ನು ಹಳೆಯ ಪದ್ಧತಿಯಲ್ಲಿ ಅರೆದು ನೋಡಿದ್ದರೆ ಈ ಜಿಡ್ಡು ಹನ್ನೊಂದು ಜನರಲ್ಲಿ ಇದೆ, ಒಂಬತ್ತು ಜನರಲ್ಲಿ ಇಲ್ಲ ಎಂದು ಬರೆದು ಮುಗಿಸುತ್ತಿದ್ದರು. ದೇವರೇ ಬಂದರೂ ಆ ತಾಯಿಯನ್ನು ಬಿಡಿಸಲಾಗುತ್ತಿರಲಿಲ್ಲ. ಎಲ್ಲಿದೆ ಎಂದು ಕೇಳುವ ಯಂತ್ರ ಇದ್ದದ್ದಕ್ಕೆ ಕಳ್ಳಿ ಸಿಕ್ಕಿಬಿದ್ದಳು.

ಡಾಕ್ಟರಿಗೆ ಹೇಳಲು ಹೋಗುವ ಮೊದಲು ಬಾಯಿಮಾತಿನ ಕೆಲಸ ಬೇಡವೆಂದು ಖಾಲಿ ಗಾಜೊಂದಕ್ಕೆ ನಮ್ಮಮ್ಮನ ಬೆಣ್ಣೆ ಹಚ್ಚಿ ಎಲಿಕೆಮ್‌ಗೆ ಕೊಟ್ಟೆ. ಮಧ್ಯಾಹ್ನಕ್ಕೆ ಉತ್ತರ ಬಂತು. ಆ ಕೊಬ್ಬಿನ ತೂಕ, ಅದರ ಜೊತೆಗಾರ ಕೊಬ್ಬುಗಳ ತೂಕ, ಐದಕ್ಕೆ ಐದೂ ತಾಳೆಯಾದವು. ಉಳಿದ ಹತ್ತು ಗಾಜುಗಳನ್ನೂ ಪೂರ್ತಿ ತೆಗೆಸಿ ನೋಡಿದೆ. ಹತ್ತರಲ್ಲೂ ನನ್ನ ಬೆರಳೇ.

ಡಾಕ್ಟರು ಮೊದಲು ನಂಬಲಿಲ್ಲ, ಆಮೇಲೆ ಕೆಂಡವಾದರು. ಇಪ್ಪತ್ತೆರಡು ವರ್ಷದ ಅನುಭವ ಇಟ್ಟುಕೊಂಡು ಬರಿಗೈಯಲ್ಲಿ ಗಾಜು ಮುಟ್ಟುತ್ತೀರಾ ಎಂದರು. ಮುಟ್ಟಿದ್ದೇನೆ ಎಂದೆ. ಗುರುವಾರದ ಸಭೆಯ ಗತಿ ಏನು ಎಂದರು. ಕೋಪ ಇಳಿಯಲಿ ಎಂದು ಕಾದೆ. ಇಳಿಯಿತು. ಕುರ್ಚಿಯಲ್ಲಿ ಕೂತು ಹಣೆ ಉಜ್ಜಿಕೊಂಡು, ಮಾಂಸದ ಮೇಲಿನದೆಲ್ಲವೂ ಬೆಣ್ಣೆಯೇ ಎಂದು ಹೇಗೆ ಹೇಳುತ್ತೀರಿ, ಕೆಳಗೆ ನಿಜವಾದದ್ದೂ ಇರಬಹುದಲ್ಲ ಎಂದರು. ಆ ಮಾತು ನ್ಯಾಯವಾದದ್ದೇ.

"ಇರಬಹುದು ಡಾಕ್ಟ್ರೇ. ಅದಕ್ಕೇ ಮತ್ತೆ ಕತ್ತರಿಸ್ತೀನಿ. ಇಪ್ಪತ್ತೂ ಜನರದ್ದು ಚೂರು ಉಳಿದಿದೆ. ಆದ್ರೆ ಆ ಪತ್ರ ಈಗ ಹರೀಬೇಕು, ನನ್ನ ಕಣ್ಣೆದುರಿಗೆ."

ಅವರು ನನ್ನನ್ನೇ ನೋಡಿದರು. ನಾನು ಕಣ್ಣು ತೆಗೆಯಲಿಲ್ಲ. ಪತ್ರ ಹರಿದರು, ಅಕ್ರಾಗೆ ಫೋನ್ ಮಾಡಿ ಗುರುವಾರ ಬರುವುದಿಲ್ಲ ಎಂದೂ ಹೇಳಿದರು. ಅದಕ್ಕೇ ಅವರನ್ನು ಒಳ್ಳೆಯ ವೈದ್ಯ ಎಂದದ್ದು. ದುಫಿಯೆಗೆ ಈಗಲೇ ಹೇಳಿಬಿಡೋಣವೇ ಎಂದು ಕೇಳಿದೆ. ಬೇಡ, ಒಂದು ಸಲ ತಪ್ಪು ಹೇಳಿದ್ದೇವೆ, ಎರಡನೇ ಸಲ ಹೇಳುವಾಗ ಪಕ್ಕಾ ಗೊತ್ತಿರಬೇಕು ಎಂದರು. ಒಪ್ಪಿದೆ. ಈಗ ಯೋಚಿಸಿದರೆ ಆ ಒಪ್ಪಿಗೆಯ ಬಗ್ಗೆಯೇ ನನಗೆ ಹೆಚ್ಚು ನೋವಾಗುತ್ತದೆ.

ಉಳಿದದ್ದು ಒಂದೇ ಸಲಕ್ಕೆ ಸಾಕಾಗುವಷ್ಟು. ಬಿರಾಗೊಳದ್ದಂತೂ ಎಳ್ಳಿನಷ್ಟು, ಎರಡು ಹಾಳೆ ಬಂದರೆ ಹೆಚ್ಚು. ತಪ್ಪಿದರೆ ಮತ್ತೆ ಆ ಹುಡುಗಿಯ ಬೆನ್ನಿಗೆ ಸೂಜಿ ಚುಚ್ಚಬೇಕು. ಬತ್ತಿದ ಕಿಡ್ನಿಗೆ ಯಾವ ಡಾಕ್ಟರೂ ಸುಮ್ಮನೆ ಚುಚ್ಚುವುದಿಲ್ಲ. ನಾನು ಮೂರು ವಾರ ಕೈಗೆ ಬೆಣ್ಣೆ ಮುಟ್ಟಿಸಲಿಲ್ಲ. ಗೆಣ್ಣುಗಳು ಒಡೆದು, ಖಾರದ ಸಾರು ಉಣ್ಣುವುದೇ ಶಿಕ್ಷೆಯಾಯಿತು. ಎಲಿಕೆಮ್ ಚಮಚ ತಂದುಕೊಟ್ಟು, ಆಂಟಿ ಬಿಳಿಯರಾಗಿಬಿಟ್ಟರು ಎಂದು ನಕ್ಕಳು. ಬೆರಳ ಬಿಸಿಯ ಬದಲಿಗೆ ಸಣ್ಣ ಹಿತ್ತಾಳೆ ಕಡ್ಡಿಯೊಂದನ್ನು ತಂದೆ. ಸ್ಪಿರಿಟ್ಟಿನಲ್ಲಿ ತೊಳೆದು, ಬೆಚ್ಚಗೆ ಮಾಡಿ, ಚಿಮಟದಲ್ಲಿ ಹಿಡಿದು ಗಾಜಿನ ಬೆನ್ನಿಗೆ ಮುಟ್ಟಿಸುವುದು. ಹಂದಿಯ ಮೂತ್ರಪಿಂಡದ ಮೇಲೆ ಅರವತ್ತು ಸಲ ಅಭ್ಯಾಸ ಮಾಡಿದೆ. ಹಂದಿಯನ್ನು ನಾನು ತಿನ್ನುವವಳಲ್ಲ, ಎರಡು ಜೊತೆ ಗ್ಲೌಸಿನ ಧೈರ್ಯದಲ್ಲಿ ಮುಟ್ಟಿದೆ. ಅರವತ್ತೊಂದನೆಯದು ಬಿರಾಗೊಳದ್ದು.

ಈ ಸಲ ಬ್ಲೇಡಿನ ಮುಂದೆ ಕೂತು ಗ್ಲೌಸ್ ಬಿಗಿ ಮಾಡಿಕೊಂಡೆ. ತಪ್ಪು ಮಾಡಿದ ಕೈ ಈಗ ಅಂಜುತ್ತದೆ ಎಂದು ಯಾರಾದರೂ ಅಂದುಕೊಂಡರೆ ಅವರಿಗೆ ನನ್ನ ಕೈ ಗೊತ್ತಿಲ್ಲ. ಎಳ್ಳಿನಷ್ಟರಲ್ಲಿ ಮೂರು ಹಾಳೆ ತೆಗೆದೆ. ಕಷಾಯ ಕುಡಿದವರದ್ದು, ಕುಡಿಯದವರದ್ದು ಎಲ್ಲ ಗಾಜುಗಳನ್ನೂ ಡಾಕ್ಟರು ಒಟ್ಟಿಗೆ ಬೆರೆಸಿ, ಯಾರದ್ದೆಂದು ನನಗೂ ಎಲಿಕೆಮ್‌ಗೂ ತಿಳಿಯದ ಹಾಗೆ ಬರೀ ಸಂಖ್ಯೆ ಹಾಕಿದರು, ಒಂದೇ ವಾರದಲ್ಲಿ ಎಲ್ಲ ಮುಗಿಸಿದೆವು. ಸಂಖ್ಯೆಗಳ ಪಟ್ಟಿ ಡಾಕ್ಟರ ಬೀರುವಿನಲ್ಲಿತ್ತು.

ಸೋಮವಾರ ಬೆಳಿಗ್ಗೆ ಮೂವರೂ ಪರದೆಯ ಮುಂದೆ ಕೂತೆವು. ಇಪ್ಪತ್ತೂ ಗಾಜು, ಖಾಲಿ ಅಂಚು ಸಮೇತ. ಹಳದಿ ಎಲ್ಲೂ ಇರಲಿಲ್ಲ. ಹೊರಪದರದಲ್ಲಿಲ್ಲ, ಒಳಪದರದಲ್ಲಿಲ್ಲ, ಗಾಜಿನ ಮೇಲಿಲ್ಲ. ಅಷ್ಟೇ ಅಲ್ಲ, ಆ ಹಳದಿಯ ಅಬ್ಬರ ಹೋದ ಮೇಲೆ ಅಲ್ಲಿಯವರೆಗೆ ಮಂಕಾಗಿ ಕತ್ತಲಲ್ಲಿದ್ದ ಇನ್ನೊಂದು ಅಣು ಕಾಣಿಸಿತು. ಗಾಯಗೊಂಡು ಗಟ್ಟಿಯಾದ ಸಣ್ಣ ಕೊಳವೆಗಳ ಸುತ್ತ ಮಾತ್ರ, ತೆಳ್ಳಗೆ ಬಳೆಯ ಹಾಗೆ. ಡಾಕ್ಟರು ಪಟ್ಟಿ ತೆಗೆದು ಹೊಂದಿಸಿದರು. ಆ ಬಳೆ ಕಷಾಯ ಕುಡಿದವರಲ್ಲೂ ಇತ್ತು, ಕುಡಿಯದವರಲ್ಲೂ ಇತ್ತು, ಒಂದೇ ಸಮ. ಅದು ಏನು, ರೋಗಕ್ಕೆ ಕಾರಣವೋ, ರೋಗ ಬಿಟ್ಟುಹೋದ ಗುರುತೋ ಎಂದು ಇನ್ನೂ ಹುಡುಕುತ್ತಿದ್ದೇವೆ. ಹುಡುಕಿಯೇ ಹುಡುಕುತ್ತೇವೆ. ಡಾಕ್ಟರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು, ಬಿರುಕು ನೋಡಿ ಬಿಟ್ಟುಬಿಟ್ಟರು. ತಾಯಿಗೆ ತಾನೇ ಹೋಗಿ ಹೇಳುತ್ತೇನೆ ಎಂದರು. ಬೇಡ, ಬೆರಳು ನನ್ನದು, ನಾನೇ ಹೇಳುತ್ತೇನೆ ಎಂದೆ.

ಅವತ್ತು ಬಿರಾಗೊಳ ಡಯಾಲಿಸಿಸ್ ದಿನ. ದುಫಿಯೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮೂರು ವಾರದಲ್ಲಿ ಮೈ ಇಳಿದುಹೋಗಿತ್ತು, ರವಿಕೆ ತೋಳಿನಲ್ಲಿ ಜೋತಾಡುತ್ತಿತ್ತು. ಪಕ್ಕದಲ್ಲಿ ಕೂತೆ. ಸುತ್ತಿಬಳಸದೆ ಹೇಳಿದೆ.

"ಅಮ್ಮಾ, ಅವತ್ತು ತೋರಿಸಿದ ಹಳದಿ ನಿಮ್ಮ ಕಷಾಯದ್ದಲ್ಲ. ನನ್ನ ಬೆರಳಿನ ಶಿಯಾ ಬೆಣ್ಣೆ. ತಪ್ಪು ನನ್ನ ಕೈಯಿಂದ ಆಗಿದ್ದು, ನಿಮ್ಮ ಕೈಯಿಂದ ಅಲ್ಲ. ಮತ್ತೆ ಕತ್ತರಿಸಿ ನೋಡಿದ್ವಿ, ಏನೂ ಇಲ್ಲ."

ಬೈದರೆ ಬೈಯಲಿ ಎಂದು ಕಾದೆ. ಮುಚ್ಚುಮರೆ ಮಾಡಬಾರದೆಂದು ಇನ್ನೂ ಹೇಳಿದೆ. ಕಷಾಯ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ, ಆ ಗುರುತು ಅದರದ್ದಲ್ಲ ಎಂದಷ್ಟೇ ಗೊತ್ತು, ಕಿಡ್ನಿ ಸೋತವರಿಗೆ ಅದನ್ನು ಕೊಡಬೇಡಿ ಎಂದೆ.

"ಕಷಾಯದ ಮಾತು ಬಿಡು ತಂಗಿ" ಎಂದರು. "ಅವತ್ತಿಂದ ನಾನು ಅವಳಿಗೆ ಅಡುಗೆ ಮಾಡಿಲ್ಲ. ಒಂದು ಲೋಟ ನೀರು ಕೊಟ್ಟಿಲ್ಲ. ಪಕ್ಕದ ಮನೆಯೋರು ತಂದುಕೊಡ್ತಾರೆ. ಈ ಕೈಯಿಂದ ಇನ್ನೇನು ಹೋಗುತ್ತೋ ಅವಳ ಹೊಟ್ಟೆಗೆ ಅಂತ ಭಯ. ಅವಳು ಯಾಕಮ್ಮ ಅಂತ ಕೇಳಿದ್ರೆ ಮೈ ಸರಿಯಿಲ್ಲ ಅಂದೆ."

ಮೂರು ವಾರದ ಹಿಂದೆಯೇ ಬಂದು ಹೇಳಬಹುದಿತ್ತು. ಕ್ಷಮಿಸಿ ಅಮ್ಮ ಎಂದೆ. ಆಕೆ ಅದನ್ನು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಮೊಣಕಾಲ ಮೇಲೆ ಕೈಯೂರಿ ಎದ್ದು ನಿಂತರು.

"ಉಪ್ಪು ಎಷ್ಟು ಹಾಕಬಹುದು ಅವಳಿಗೆ?"

ಇಡೀ ದಿನಕ್ಕೆ ಅರ್ಧ ಸಣ್ಣ ಚಮಚ, ಬಾಳೆಕಾಯಿ ಬೇಡ, ಕೆಸುವಿನಂಥ ಕೊಕೊಯಾಮ್ ಸೊಪ್ಪು ಬೇಡ, ಮೀನಾದರೆ ಒಂದು ಸಣ್ಣ ತುಂಡು ಎಂದೆ. ಅರ್ಧ ಚಮಚ, ಸಣ್ಣ ತುಂಡು ಎಂದು ಎರಡು ಸಲ ಹೇಳಿಕೊಂಡು, ಸೊಂಟದ ಬಟ್ಟೆ ಬಿಗಿದು ಕಟ್ಟಿ, ಸಂತೆಯ ಕಡೆ ಹೊರಟೇಬಿಟ್ಟರು. ಆ ನಿಧಾನದ ಹೆಂಗಸು ಅಷ್ಟು ಬೇಗ ನಡೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಒಳಗೆ ಹೋದೆ. ಬಿರಾಗೊ ಯಂತ್ರದ ಕೊಳವೆಗಳ ನಡುವೆ ಕಣ್ಣು ತೆರೆದುಕೊಂಡೇ ಮಲಗಿದ್ದಳು. ಅಮ್ಮ ಎಲ್ಲಿಗೆ ಹೋದಳು ಎಂದು ಕೇಳಿದಳು. ಮೀನು ತರಲು ಹೋದರು, ನಿನಗೆ ಅಡುಗೆ ಮಾಡುತ್ತಾರಂತೆ ಎಂದೆ.

ಅವಳು ತಲೆಯನ್ನು ನನ್ನ ಕಡೆ ತಿರುಗಿಸಿದಳು.

"ನಾನು ಉಳಿಯಲ್ಲ ಅಂತ ಗೊತ್ತಾಗಿ ಅಮ್ಮ ಕೈಬಿಟ್ಟಳು ಅಂದ್ಕೊಂಡಿದ್ದೆ ಆಂಟಿ" ಎಂದಳು.